ಬದುವಿನ ಮೇಲಿನ ರಾಜವೃಕ್ಷ

ಮೈಸೂರು ಸೀಮೆಯ ಹೊಲದ ಬದುಗಳಲ್ಲಿ ಯಾರೂ ನೆಡದ ಗಿಡವೊಂದು ತಾನಾಗಿ ಹುಟ್ಟುವುದುಂಟು. ಕೋಗಿಲೆಯೋ ಪಿಕಳಾರವೋ ಕಪ್ಪು ಹಣ್ಣನ್ನು ತಿಂದು, ಬೀಜವನ್ನು ಬೇಲಿಯ ಬುಡದಲ್ಲಿ ಉದುರಿಸಿ ಹೋಗಿರುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಶ್ರೀಗಂಧದ ಸಸಿ ತಲೆಯೆತ್ತುತ್ತದೆ. ಇಷ್ಟು ಬೆಲೆಬಾಳುವ ಮರದ ಸಸಿಯು ಪುಕ್ಕಟೆಯಾಗಿ ದೊರೆತಾಗ ರೈತನು ಹಿಗ್ಗಬೇಕಷ್ಟೆ? ಆದರೆ ಬಹುಕಾಲ ನಮ್ಮ ನಾಡಿನಲ್ಲಿ ನಡೆದುದು ಬೇರೆ. ಅದನ್ನು ಕಂಡ ಕೂಡಲೆ ಕಳೆಯೆಂಬಂತೆ ಕಿತ್ತೆಸೆಯುತ್ತಿದ್ದವರು ಇದ್ದರು. ಒಮ್ಮೆ ವಿದ್ಯಾರ್ಥಿಗಳೊಡನೆ ಹಳ್ಳಿಗೆ ಹೋಗಿದ್ದಾಗ ವೃದ್ಧ ರೈತರೊಬ್ಬರನ್ನು ನಾವು ಈ ಬಗ್ಗೆ ಕೇಳಿದೆವು. “ಮೇಷ್ಟ್ರೇ, ಮರ ಸರ್ಕಾರದ್ದು, ಕಾವಲು ಮಾತ್ರ ನಮ್ಮದು. ಕಳುವಾದರೆ ಉತ್ತರ ಹೇಳಬೇಕಾದವನು ನಾನು. ಯಾಕೆ ಬೆಳೆಸಲಿ ಹೇಳಿ?” ಎಂದರು ಅವರು.

ಅವರ ಮಾತಿನ ಹಿಂದೆ ಇನ್ನೂರು ವರ್ಷಗಳಿಗೂ ಮೀರಿದ ಕಥೆಯಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅದು ಯಾರ ಹೊಲದಲ್ಲಿ ಬೆಳೆದರೂ ಅರಮನೆಯ ಸ್ವತ್ತು. ಸುಲ್ತಾನನು ಹೋದ ಮೇಲೆ ಒಡೆಯರ ಕಾಲದಲ್ಲಿಯೂ, ಸ್ವಾತಂತ್ರ್ಯ ಬಂದ ಬಳಿಕವೂ ಈ ಕಟ್ಟಳೆ ಹೆಚ್ಚುಕಡಮೆ ಹಾಗೆಯೇ ಉಳಿಯಿತು. ಇದರಿಂದ ರಾಜ್ಯಕ್ಕೆ ಲಾಭವಾಗಲಿಲ್ಲವೆಂದಲ್ಲ. 1914ರಲ್ಲಿ ಮಹಾಯುದ್ಧವು ಆರಂಭವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಇಲ್ಲಿಯೇ ನಿಂತುಹೋದಾಗ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಗೊಳಿಸಿದರು. 1916ರಿಂದ ಎಣ್ಣೆಯ ತಯಾರಿಕೆ ನಮ್ಮಲ್ಲಿಯೇ ನಡೆಯತೊಡಗಿತು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದುದು ಆ ಎಣ್ಣೆಯಿಂದಲೇ.

ಮರದ ಸ್ವಭಾವವನ್ನು ಅರಿಯದೆ ಕಾನೂನಿನ ತೊಡಕು ಅರ್ಥವಾಗಲಾರದು. ಶ್ರೀಗಂಧವು ಅರೆ ಪರಾವಲಂಬಿ ಸಸ್ಯ. ಎಲೆಗಳು ಹಸಿರಾಗಿದ್ದು ಸೂರ್ಯನ ಬೆಳಕಿನಿಂದ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆದರೆ ಬೇರುಗಳು ನೆರೆಯ ಗಿಡದ ಬೇರುಗಳನ್ನು ಹೀರುಗಂಟುಗಳಿಂದ ಅಪ್ಪಿಕೊಂಡು ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುತ್ತವೆ. ಅದಕ್ಕಾಗಿಯೇ ಸಸಿಯ ಜೊತೆಯಲ್ಲಿ ಒಂದು ತೊಗರಿ ಗಿಡವನ್ನು ಬೆಳೆಸುವುದು ವಾಡಿಕೆ. ಮುಂದೆ ಹೊಂಗೆಯಂಥ ದೊಡ್ಡ ಆಸರೆ ಬೇಕು. ಆಸರೆಯಿಲ್ಲದೆ ಒಂಟಿಯಾಗಿ ನೆಟ್ಟ ಗಿಡವು ಸೊರಗುವುದು.

ಪರಿಮಳವಿರುವುದು ಒಳಗಿನ ಚೇಗಿನಲ್ಲಿ ಮಾತ್ರ. ಸುತ್ತಲಿನ ಬಿಳಿಮರಕ್ಕೆ ವಾಸನೆಯಿಲ್ಲ. ಚೇಗು ಕಟ್ಟಲು ಹತ್ತು ವರ್ಷಗಳಾದರೂ ಬೇಕು, ಒಳ್ಳೆಯ ಚೇಗಿಗೆ ಇನ್ನೂ ಹೆಚ್ಚು. ಇಲ್ಲಿ ನಮ್ಮ ಪಾಠದ ಒಂದು ಚಿಕ್ಕ ಲೆಕ್ಕವನ್ನು ಹೇಳಲೇಬೇಕು. ಚೇಗನ್ನು ಒಂದು ಕಂಬವೆಂದು ಭಾವಿಸಿದರೆ, ಅದರ ತ್ರಿಜ್ಯವು ಇಮ್ಮಡಿಯಾದಾಗ ಗಾತ್ರವು ನಾಲ್ಮಡಿಯಾಗುತ್ತದೆ. ಮೇಲಾಗಿ ಚೇಗನ್ನು ಮಾರುವುದು ತೂಕದ ಮೇಲೆ. ಅದರ ಸಾಂದ್ರತೆಯೋ ನೀರಿನದಕ್ಕಿಂತ ಸ್ವಲ್ಪವೇ ಕಡಮೆ. ಹೀಗಾಗಿ ಕಾದಷ್ಟೂ ಲಾಭ. ಬೇರಿನಲ್ಲಿ ಎಣ್ಣೆ ಹೆಚ್ಚಾಗಿರುವುದರಿಂದ ಮರವನ್ನು ಕಡಿಯದೆ ಬುಡಸಹಿತ ಕೀಳುತ್ತಾರೆ. ಒಳಗೆಷ್ಟು ಚೇಗಿದೆಯೆಂಬುದು ಹೊರಗಿನಿಂದ ಕಾಣದು. ಅದನ್ನು ತಿಳಿಯಲು ಕಳ್ಳರು ಕಾಂಡಕ್ಕೆ ರಂಧ್ರ ಕೊರೆದು ನೋಡುವುದುಂಟು. ಹದಿನೈದು ಇಪ್ಪತ್ತು ವರ್ಷ ಕಾಯ್ದ ಮರವು ಒಂದು ರಾತ್ರಿಯಲ್ಲಿ ಮಾಯವಾಗಬಹುದು.

ಈಗ ಆ ವೃದ್ಧರ ಮಾತನ್ನು ತೂಗಿ ನೋಡಿರಿ. ಇಷ್ಟು ದೀರ್ಘಕಾಲದ ಕಾವಲು ರೈತನದು, ಅಪಾಯವೂ ಅವನದೇ, ಒಡೆತನ ಮಾತ್ರ ಇನ್ನೊಬ್ಬರದು! ಮರವನ್ನು ಉಳಿಸಲೆಂದು ಮಾಡಿದ ಕಟ್ಟಳೆಯೇ ಮರಕ್ಕೆ ಶತ್ರುವಾಯಿತೆಂದು ನಮಗೆ ತೋರುತ್ತದೆ. ಅದೊಂದೇ ಕಾರಣವಲ್ಲ, ನಿಜ. ಕಾಡುಗಳಲ್ಲಿ ಕಳ್ಳತನ ಬೆಳೆಯಿತು. 19ನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಂಡುಬಂದ ಸ್ಪೈಕ್ ರೋಗವು ಎಲೆಗಳನ್ನು ಕಿರಿದಾಗಿಸಿ, ಮುಳ್ಳಿನಂತೆ ಸೆಟೆಸಿ, ಲಕ್ಷಾಂತರ ಮರಗಳನ್ನು ಕೊಂದಿತು. 1998ರಲ್ಲಿ ಶ್ರೀಗಂಧವು ಅಪಾಯದಂಚಿನ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಇತ್ತ ನಾವು ಸಸಿ ಕೀಳುತ್ತಿರುವಾಗ, ಅತ್ತ ಪಶ್ಚಿಮ ಆಸ್ಟ್ರೇಲಿಯಾದವರು ನಮ್ಮದೇ ಜಾತಿಯ ಮರವನ್ನು ತೋಟಗಳಲ್ಲಿ ಬೆಳೆಸತೊಡಗಿದ್ದರು.

ಕೊನೆಗೆ 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹಿಡುವಳಿ ಭೂಮಿಯ ಶ್ರೀಗಂಧವು ಆ ಹಿಡುವಳಿದಾರನದೇ ಎಂದಾಯಿತು. ಆದರೆ ಪೂರ್ಣ ಸ್ವಾತಂತ್ರ್ಯವಲ್ಲ. ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಮಾರಾಟವು ಮೊದಲಿಗೆ ಸರ್ಕಾರವು ಗೊತ್ತುಪಡಿಸಿದ ಸಂಸ್ಥೆಗಳಿಗೇ ಮೀಸಲಾಗಿತ್ತು. ಇಷ್ಟು ಕಾಗದಪತ್ರವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಕೊರಡಿಗೆ ನಾಲಗೆಯಿಲ್ಲ, ತಾನು ಕಾಡಿನದೋ ಹೊಲದ್ದೋ ಎಂದು ಅದು ಹೇಳದು. ಗುರುತು ಮಾಡಿ, ಎಣಿಸಿ, ಚೀಟಿ ಕೊಡದಿದ್ದರೆ ಕಾಡಿನ ಕಳವಿನ ಮಾಲೂ ಹೊಲದ ಹೆಸರಿನಲ್ಲಿ ಸಾಗಿಹೋಗುವುದು. ಅನುಮತಿಯು ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದಕ್ಕಾಗಿ ರೈತನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿ ಬಂದರೆ, ಅವನು ಪುನಃ ಕುಡುಗೋಲಿಗೆ ಕೈಹಾಕುವುದರಲ್ಲಿ ಆಶ್ಚರ್ಯವೇನು?

ಇತರ ಮರಗಳಿಗೂ ಅನುಮತಿಯ ಕಟ್ಟಳೆಯುಂಟು. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಬಿದಿರಿನ ಕಥೆ ಇನ್ನೂ ಸ್ವಾರಸ್ಯ. ಸಸ್ಯಶಾಸ್ತ್ರದಲ್ಲಿ ಅದು ಹುಲ್ಲಿನ ಜಾತಿ. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿಯಾದರೋ ಅದು ಮರ! ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದು ಸಂಸತ್ತು ಒಪ್ಪಿದುದು 2017ರಲ್ಲಿ.

ಅನುಮತಿಯ ಇನ್ನೊಂದು ಮಗ್ಗುಲು ಪ್ರೋತ್ಸಾಹ. ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು 2011-12ರಲ್ಲಿ ಆರಂಭವಾಯಿತು. ರೈತನು ಇಲಾಖೆಯ ಸಸ್ಯಕ್ಷೇತ್ರದಿಂದ ಕಡಮೆ ಬೆಲೆಗೆ ಸಸಿಗಳನ್ನು ಪಡೆದು ನೆಡಬೇಕು. ಮೂರು ವರ್ಷಗಳ ಕಾಲ, ವರ್ಷವರ್ಷವೂ ಬದುಕುಳಿದ ಸಸಿಗಳನ್ನು ಎಣಿಸಿ ಹಣ ಕೊಡುತ್ತಾರೆ. ಮೊದಲು ಒಂದು ಸಸಿಗೆ ಮೂರು ವರ್ಷಗಳಿಗೆ ಸೇರಿ 45 ರೂಪಾಯಿ ಇದ್ದುದು ಮುಂದೆ 100 ರೂಪಾಯಿಗೂ ಆ ಬಳಿಕ 125 ರೂಪಾಯಿಗೂ ಏರಿತು. ಮೊತ್ತವು ದೊಡ್ಡದಲ್ಲ. ಆದರೆ ನೆಟ್ಟುದಕ್ಕಲ್ಲದೆ ಉಳಿಸಿದುದಕ್ಕೆ ಹಣವೆಂಬ ಈ ಏರ್ಪಾಡನ್ನು ನಾವು ಬಹಳ ಮೆಚ್ಚುತ್ತೇವೆ. ವನಮಹೋತ್ಸವದ ದಿನ ಗುಂಡಿಗಳನ್ನು ಎಣಿಸುವುದು ಸುಲಭ; ಮರು ಬೇಸಗೆಯಲ್ಲಿ ಹಸಿರೆಲೆಗಳನ್ನು ಎಣಿಸುವುದು ಕಷ್ಟ.

ಆ ವೃದ್ಧರ ಬದುವಿನ ಮೇಲೆ ಈಗ ಎರಡು ಶ್ರೀಗಂಧದ ಗಿಡಗಳಿವೆ. ಒಂದು ಹಕ್ಕಿ ಬಿತ್ತಿದ್ದು, ಇನ್ನೊಂದನ್ನು ಅವರ ಮೊಮ್ಮಗ ಸಸ್ಯಕ್ಷೇತ್ರದಿಂದ ತಂದು ನೆಟ್ಟದ್ದು. ನಮ್ಮ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹೋಗಿ, ಎದೆಯೆತ್ತರದಲ್ಲಿ ದಾರ ಸುತ್ತಿ ಸುತ್ತಳತೆಯನ್ನು ಬರೆದುಕೊಂಡು ಬರುತ್ತಾರೆ. ಹೋದ ಸಲ ಹಕ್ಕಿಯ ಗಿಡವೇ ಎರಡು ಬೆರಳಿನಷ್ಟು ಮುಂದಿತ್ತು. ಅದರ ಮಗ್ಗುಲಲ್ಲಿ ಹೊಂಗೆಯಿದೆ.