ಸೋರುವ ಕೇಬಲ್

1922ರಲ್ಲಿ ಅಮೆರಿಕದ ಗಣಿ ಇಲಾಖೆಯ ಎಂಜಿನಿಯರುಗಳು ಪೆನ್ಸಿಲ್ವೇನಿಯಾದ ಬ್ರೂಸ್ಟನ್ ಪ್ರಾಯೋಗಿಕ ಗಣಿಗೆ ರೇಡಿಯೊ ಹೊತ್ತು ಇಳಿದರು. ಗಣಿಯಲ್ಲಿ ಚಾವಣಿ ಕುಸಿದರೆ ಅದರ ಜೊತೆಗೆ ಟೆಲಿಫೋನ್ ತಂತಿಯೂ ತುಂಡಾಗುತ್ತಿತ್ತು. ಒಳಗೆ ಸಿಕ್ಕಿಕೊಂಡವನು ಬದುಕಿದ್ದಾನೋ ಇಲ್ಲವೋ ಮೇಲಿನವರಿಗೆ ತಿಳಿಯುತ್ತಿರಲಿಲ್ಲ. ತಂತಿಯಿಲ್ಲದೆ ದನಿ ತಲುಪೀತೇ ಎಂದು ನೋಡಲು ಅವರು ಹೊರಟಿದ್ದರು. 50 ಅಡಿ ನೆಲದಡಿಯಲ್ಲೂ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದ ಪ್ರಸಾರ ಕೇಳಿಸಿದಾಗ ಹಿಗ್ಗಿದರು. ಆದರೆ ಆಳ ಹೆಚ್ಚಿದಂತೆ ದನಿ ಬೇಗನೆ ಸೊರಗುತ್ತಿತ್ತು. ಗಣಿಯ ಹಳಿ, ಕೊಳವೆ, ತಂತಿಗಳು ಅದನ್ನು ಒಳಕ್ಕೆ ತರಲು ನೆರವಾಗುತ್ತಿವೆ ಎಂಬ ಗುಮಾನಿಯೂ ಹುಟ್ಟಿತು.

ಆ ಗುಮಾನಿ ಕೆನಡಾದಲ್ಲಿ ಬಲವಾಯಿತು. ಮಾಂಟ್ರಿಯಲ್ ನಗರದ ಬೆಟ್ಟದಡಿ 5 ಕಿಲೋಮೀಟರಿನಷ್ಟು ಉದ್ದದ ಮೌಂಟ್ ರಾಯಲ್ ರೈಲು ಸುರಂಗವಿತ್ತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎ. ಎಸ್. ಈವ್ ಸಂಗಡಿಗರೊಂದಿಗೆ ಅದರೊಳಗೆ ಗ್ರಾಹಕಗಳನ್ನು ಒಯ್ದರು. ಕಿರಿದಾದ ಸುರಂಗದಲ್ಲಿ ಚಿಕ್ಕ ಅಲೆಗಳೇ ಸಲೀಸಾಗಿ ಸಾಗಬೇಕು ಎಂದು ಯಾರಿಗಾದರೂ ತೋಚೀತು. ಆದದ್ದು ತಿರುಗುಮುರುಗು. ಚಿಕ್ಕ ಅಲೆಗಳು ಸುರಂಗದ ಬಾಯಿಯ ಹತ್ತಿರವೇ ಸತ್ತವು, ಉದ್ದನೆಯ ಅಲೆಗಳು ಒಳಗೆ ಬಹುದೂರ ಸಿಕ್ಕವು. ಅವು ಬಂಡೆಯನ್ನು ತೂರಿ ಬಂದವೋ, ಹಳಿ ಮತ್ತು ತಂತಿಗಳನ್ನು ಹಿಡಿದು ಬಂದವೋ? ಸುರಂಗದ ತುಂಬ ಲೋಹವಿದ್ದುದರಿಂದ ಉತ್ತರ ಸಿಗಲಿಲ್ಲ. ಪಟ್ಟು ಬಿಡದ ಈವ್, ಕೀಸ್ ಎಂಬ ಸಹೋದ್ಯೋಗಿಯ ಜೊತೆ ಕೆಂಟಕಿಯ ಮ್ಯಾಮತ್ ಗುಹೆಗೆ ಹೋದರು. ಅಲ್ಲಿ ಹಳಿಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಉದ್ದನೆಯ ಅಲೆ ಬಂಡೆಯನ್ನು ಒಂದಿಷ್ಟು ದಾಟಬಲ್ಲದು ಎಂಬುದು ತಿಳಿಯಿತು. ಗಣಿಯ ಮೈಲಿಗಟ್ಟಲೆ ಓಣಿಗಳಿಗೆ ಮಾತ್ರ ಆ ‘ಒಂದಿಷ್ಟು’ ಏನೇನೂ ಸಾಲದು.

ವರ್ಷಗಳು ಉರುಳಿದವು, ನೆಲದಡಿಗೆ ಮಾತು ಸರಿಯಾಗಿ ತಲುಪದ ತೊಂದರೆ ಹಾಗೆಯೇ ಉಳಿಯಿತು. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ, ಲಿಫ್ಟ್ ಎಳೆಯುವ ಮೇಲಿನವನಿಗೂ ಬಂಡಿ ತುಂಬಿಸುವ ಕೆಳಗಿನವನಿಗೂ ನಡುವೆ ಒಂದು ಸಂಕೇತ ತಪ್ಪಾಗಿ ಅರ್ಥವಾಯಿತು. ಬಂಡಿ ಹೊರಚಾಚಿದ್ದಾಗಲೇ ಲಿಫ್ಟ್ ಮೇಲೆದ್ದಿತು. ಎಣ್ಣೆಯ ಕೊಳವೆ, ವಿದ್ಯುತ್ ತಂತಿ ಎರಡೂ ಹರಿದು ಬೆಂಕಿ ಹೊತ್ತಿತು. 262 ಜನ ಸತ್ತರು.

ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಮಾಂಕ್ ಮತ್ತು ವಿಂಬಿಗ್ಲರ್ ಎಂಬಿಬ್ಬರು, ಸುರಂಗದಲ್ಲಿ ಓಡುವ ರೈಲಿನೊಂದಿಗೆ ಮಾತಾಡುವ ಉಪಾಯವನ್ನು ಪ್ರಕಟಿಸಿದರು. ಅಲೆಯನ್ನು ಗಾಳಿಗೆ ಬಿಡುವ ಬದಲು ಸುರಂಗದುದ್ದಕ್ಕೂ ಎಳೆದ ತಂತಿಯಲ್ಲಿ ಹರಿಸಿ, ದಾರಿಯುದ್ದಕ್ಕೂ ಅಷ್ಟಷ್ಟೇ ಹೊರಬಿಡುವುದು ಆ ಉಪಾಯ. ಮೂವತ್ತು ವರ್ಷಗಳ ಕಾಲ ಪ್ರಯೋಗಕ್ಕೆ ಅಡ್ಡಿಯೆನಿಸಿದ್ದ ತಂತಿಯೇ ಈಗ ದಾರಿಯಾಯಿತು.

ಒಳತಂತಿಯ ಸುತ್ತ ಲೋಹದ ಹೆಣಿಗೆ ಹೊದಿಸಿದ ಏಕಾಕ್ಷ (ಕೊಆಕ್ಸಿಯಲ್) ಕೇಬಲ್ ಹುಟ್ಟಿದ್ದೇ ಸಂಕೇತವನ್ನು ಒಳಗೇ ಹಿಡಿದಿಡಲು. ಅದು ಸೋರಿದರೆ ತಯಾರಕನಿಗೆ ಅವಮಾನ. ಅಂಥ ಕೇಬಲನ್ನು ಬೇಕೆಂದೇ ಸೋರುವಂತೆ ಮಾಡಲು ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಲ್ಲಿ ಮಾರ್ಟಿನ್, ಬೆಲ್ಜಿಯಂನಲ್ಲಿ ಪಾಲ್ ಡೆಲೋನ್ಯ 1970ರ ಆಸುಪಾಸಿನಲ್ಲಿ ಹೆಣಗಿದರು. ಎಷ್ಟು ಸೋರಬೇಕು ಎಂಬುದೇ ದೊಡ್ಡ ಪೇಚು. ಚಳ್ಳಕೆರೆ ಸೀಮೆಯ ದಾಳಿಂಬೆ ತೋಟದಲ್ಲಿ ಹನಿ ನೀರಾವರಿಯ ಪೈಪು ಎಳೆದವರಿಗೆ ಇದು ಗೊತ್ತು: ಮೊದಲ ಗಿಡಗಳ ಬಳಿ ತೂತು ದೊಡ್ಡದಾದರೆ ಸಾಲಿನ ಕೊನೆಯ ಗಿಡ ಒಣಗುತ್ತದೆ, ಚಿಕ್ಕದಾದರೆ ಯಾವ ಗಿಡಕ್ಕೂ ಸಾಲದು. ಬ್ರಿಟನ್ನಿನವರು ಕೇಬಲಿನ ಹೊರ ಹೆಣಿಗೆಯನ್ನೇ ಸಡಿಲಗೊಳಿಸಿ ಉದ್ದಕ್ಕೂ ಸೋರಲು ಬಿಟ್ಟರು. ಡೆಲೋನ್ಯ ಅಲ್ಲಲ್ಲಿ ಮಾತ್ರ ಸೀಳು ಕೊಟ್ಟರು. ಎರಡೂ ಗೆದ್ದವು.

ನಂತರದ ತಿರುವು ನೆಲದ ಮೇಲೆ, ಕಟ್ಟಡಗಳೊಳಗೆ. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಆಡೆಲ್ ಸಾಲೆಹ್ ಮತ್ತು ರೈನಾಲ್ಡೊ ವಾಲೆಂಜುವೆಲಾ ಎರಡಂತಸ್ತಿನ ಕಚೇರಿ ಕಟ್ಟಡವೊಂದನ್ನೇ ಪರೀಕ್ಷೆಗೆ ಆರಿಸಿಕೊಂಡರು. ಒಂದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು ಬಾಳುವ ರೇಡಿಯೊ ಮಿಡಿತಗಳನ್ನು ಹಾಯಿಸಿ, ಕೋಣೆ ಕೋಣೆಯಲ್ಲೂ ಅಳೆದರು. ನೇರ ನೋಟವಿಲ್ಲದ ಕಡೆ ಸಂಕೇತದ ಬಲ ಜಾಗದಿಂದ ಜಾಗಕ್ಕೆ 60 ಡೆಸಿಬೆಲ್ ವರೆಗೆ, ಅಂದರೆ ಹತ್ತು ಲಕ್ಷ ಪಟ್ಟು, ಏರುಪೇರಾಗುತ್ತಿತ್ತು! ಒಂದೇ ಆಂಟೆನಾದಿಂದ ಗಟ್ಟಿಯಾಗಿ ಕೂಗಿ ಫಲವಿರಲಿಲ್ಲ. 1987ರಲ್ಲಿ ಸಾಲೆಹ್, ರುಸ್ಟಾಕೊ ಮತ್ತು ರೋಮನ್ ಪರಿಹಾರವನ್ನು ಮುಂದಿಟ್ಟರು: ಒಂದು ದೊಡ್ಡ ಆಂಟೆನಾದ ಬದಲು ಕಟ್ಟಡದ ತುಂಬ ಹಂಚಿಹೋದ ಹಲವು ಪುಟ್ಟ ಆಂಟೆನಾಗಳು.

ಮೌಂಟ್ ರಾಯಲಿನ ಒಗಟು ಇಷ್ಟೇ. ಸುರಂಗದ ಅಗಲಕ್ಕಿಂತ ಬಹಳ ಉದ್ದದ ಅಲೆ ಅದರ ಬರಿಯ ಗಾಳಿಯಲ್ಲಿ ಸಾಗಲಾರದು. ಆದರೆ ಲೋಹದ ತಂತಿಯೊಂದು ಸಿಕ್ಕರೆ ಅದನ್ನು ಅಪ್ಪಿಕೊಂಡು ಓಡುತ್ತದೆ. ಮೊಬೈಲಿನ ಅಲೆಯ ಉದ್ದ ಒಂದು ಅಡಿಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಅದಕ್ಕೆ ಸುರಂಗದ ಅಗಲ ತಡೆಯಲ್ಲ, ತಿರುವು ಮತ್ತು ಗೋಡೆಗಳೇ ತಡೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ತಗಡು ಅದನ್ನು ಹೊರಕ್ಕೇ ಪ್ರತಿಫಲಿಸುತ್ತದೆ, ಮೊಳಕಾಲ್ಮೂರಿನ ಹಳೆಯ ಮನೆಯ ದಪ್ಪ ಕಲ್ಲುಗೋಡೆ ಬಹುಪಾಲನ್ನು ನುಂಗುತ್ತದೆ. ಅದಕ್ಕೇ ದೊಡ್ಡ ಕಟ್ಟಡಗಳಲ್ಲಿ ಎಂಜಿನಿಯರು ನಕ್ಷೆ ಹಿಡಿದು ಅಂತಸ್ತು ಅಂತಸ್ತು ನಡೆದು ಸಂಕೇತ ಅಳೆಯುತ್ತಾನೆ. ಕೇಬಲಿನ ಹಾದಿಯಲ್ಲಿ ಹತ್ತಿರದ ಆಂಟೆನಾಕ್ಕೆ ಸಣ್ಣ ಪಾಲನ್ನು ಮಾತ್ರ ಕಿತ್ತುಕೊಟ್ಟು, ಉಳಿದದ್ದನ್ನು ದೂರದವಕ್ಕೆ ಕಳಿಸುವ ಕಪ್ಲರುಗಳನ್ನು ಜೋಡಿಸುತ್ತಾನೆ. ಸೋರುವ ದಾರಿಯಲ್ಲೇ ಅಲೆ ಒಳಕ್ಕೂ ಬರುತ್ತದೆ. ಫೋನಿನ ಕ್ಷೀಣ ಉತ್ತರವನ್ನು ಅದೇ ಕೇಬಲ್ ಹಿಡಿದು ಹೊರಗೆ ಮುಟ್ಟಿಸುತ್ತದೆ.