ಈ ಹಾಡು ಯಾವ ಗುಂಪಿಗೆ? ವರ್ಗೀಕರಣದ ಒಂದು ಪಾಠ

ಬಂಗಾರಪೇಟೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಗೆ ವರ್ಗೀಕರಣದ ಪಾಠ ಮಾಡಬೇಕಿತ್ತು. ಪೀಠಿಕೆಗೆಂದು ಕಪ್ಪುಹಲಗೆಯ ಮೇಲೆ ಜಾನಪದ, ಭಕ್ತಿಗೀತೆ, ಭಾವಗೀತೆ, ಚಿತ್ರಗೀತೆ ಎಂದು ನಾಲ್ಕು ಕಾಲಂ ಎಳೆದು, ಮಕ್ಕಳು ಕೇಳುವ ಹಾಡುಗಳನ್ನು ಗುಂಪು ಮಾಡಲು ಹೇಳಿದೆ. ‘ಎಂಜಾಯ್ ಎಂಜಾಮಿ’ ಬಂದಾಗ ಒಬ್ಬ ರ‍್ಯಾಪ್ ಎಂದ, ಒಬ್ಬಳು ಜಾನಪದ ಎಂದಳು. ಕೆಜಿಎಫ್‌ನಿಂದ ಬರುವ ಹುಡುಗನೊಬ್ಬ, “ಮಿಸ್, ನಮ್ಮಜ್ಜಿ ಸಾವಿನ ಮನೇಲಿ ಹಿಂಗೇ ಹಾಡ್ತಾರೆ” ಎಂದ.

ಮೂವರೂ ಹೇಳಿದ್ದು ಸರಿಯೇ. ಧೀ ಮತ್ತು ಅರಿವು ಹಾಡಿ, 2021ರಲ್ಲಿ ಯೂಟ್ಯೂಬ್‌ನಲ್ಲಿ ಬಿಡುಗಡೆಯಾದ ಈ ತಮಿಳು ಹಾಡಿನಲ್ಲಿ, ಸತ್ತವರನ್ನು ನೆನೆದು ಅಳುತ್ತಾ ಹಾಡುವ ‘ಒಪ್ಪಾರಿ’ಯ ಧಾಟಿಯೂ ರ‍್ಯಾಪ್ ಕೂಡ ಬೆರೆತಿವೆ. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದ ಅರಿವು ಅವರ ಅಜ್ಜಿಯ ಬದುಕು ಇದಕ್ಕೆ ಪ್ರೇರಣೆ. ಚಿನ್ನದ ಗಣಿಗೆ ದುಡಿಯಲು ಬಂದ ತಮಿಳು ಕುಟುಂಬಗಳ ಮಕ್ಕಳಿಗೆ ಅದು ದೂರದ ಕಥೆಯಲ್ಲ.

ಹಾಗಾದರೆ ಗಡಿಗಳು ಮಸುಕಾಗುವುದು ಹೇಗೆ? ಕ್ಯಾಸೆಟ್ ಅಂಗಡಿಯವರು ಒಂದು ಕ್ಯಾಸೆಟ್ಟನ್ನು ಒಂದೇ ಸಾಲಿನಲ್ಲಿ ಇಡಬೇಕಿತ್ತು. ಹಾಡು ಯಾವ ಬಗೆಯದು ಎಂಬುದೇ ಅಲ್ಲಿ ಆಧಾರ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಒಂದೇ ಹಾಡು ನೂರಾರು ಪ್ಲೇಲಿಸ್ಟ್‌ಗಳಲ್ಲಿ ಇರಬಲ್ಲದು. ಯಾರು ಪೂರ್ತಿ ಕೇಳಿದರು, ಯಾರು ನಡುವೆ ಬಿಟ್ಟರು, ಮುಂದೆ ಏನು ಕೇಳಿದರು ಎಂಬುದನ್ನು ಆ್ಯಪ್ ಗಮನಿಸುತ್ತದೆ. ಒಂದು ಹಾಡು ಕೇಳಿದವರಲ್ಲಿ ಹಲವರು ಇನ್ನೊಂದನ್ನೂ ಕೇಳಿದ್ದರೆ, ಅವೆರಡನ್ನೂ ಹತ್ತಿರ ತರುತ್ತದೆ. ಅಂದರೆ ವರ್ಗೀಕರಣದ ಆಧಾರ ಹಾಡಿನ ಮೂಲದಿಂದ ಕೇಳುಗರ ನಡವಳಿಕೆಗೆ ಸರಿದಿದೆ. ರೀಲ್ಸ್‌ನಲ್ಲಂತೂ ಅರ್ಧ ನಿಮಿಷದ ತುಣುಕು ಹಾಡಿದವರಿಂದಲೂ ಸಂದರ್ಭದಿಂದಲೂ ಕಳಚಿಕೊಂಡು ಓಡಾಡುತ್ತದೆ.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಭಾಷೆಯ ಗಡಿ ದಾಟಿ ಹೊಸ ಹಾಡು ಮಕ್ಕಳನ್ನು ತಲುಪುತ್ತದೆ. ಆದರೆ ಅದೇ ತರಗತಿಯಲ್ಲಿ ತಮಟೆಯ ಪೆಟ್ಟನ್ನು ಕೆಲವರು ‘ಡಿಜೆ ಬೀಟ್’ ಎಂದೇ ಗುರುತಿಸಿದರು. ತಮಟೆಯನ್ನು ಕಾಪಾಡಿಕೊಂಡು ಬಂದವರು ದಲಿತ ಕಲಾವಿದರು. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಪಕ್ಕದ ಜಿಲ್ಲೆಯ ಈ ಹೆಸರು ನನ್ನ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಾಠ ವೀಕ್ಷಿಸಿದ ಮೇಲ್ವಿಚಾರಕರು, “ಆಧಾರ ಹೇಳದೆ ಗುಂಪು ಮಾಡಿ ಎಂದದ್ದೇ ನಿಮ್ಮ ತಪ್ಪು” ಎಂದರು. ಹಾರಾಟವನ್ನು ಆಧಾರವಾಗಿಟ್ಟರೆ ಬಾವಲಿ ಹಕ್ಕಿಗಳ ಜೊತೆ, ಮರಿಗೆ ಹಾಲೂಡಿಸುವುದನ್ನು ಆಧಾರವಾಗಿಟ್ಟರೆ ಸಸ್ತನಿಗಳ ಜೊತೆ ಸೇರುತ್ತದೆ. ಹಾಡಿಗೂ ಇದೇ ಮಾತು ಅನ್ವಯಿಸುತ್ತದೆ. ಮರುದಿನ ಎರಡೇ ಕಾಲಂ ಎಳೆದೆ: ‘ಇದು ಯಾರಿಂದ, ಯಾವ ಸಂದರ್ಭದಿಂದ ಬಂದದ್ದು?’, ‘ಈಗ ಯಾರು, ಎಲ್ಲಿ ಕೇಳುತ್ತಾರೆ?’ ಎರಡನೆಯದನ್ನು ಮಕ್ಕಳು ತಾವೇ ತುಂಬಿದರು. ಮೊದಲನೆಯದಕ್ಕೆ ಮನೆಯಲ್ಲಿ ಹಿರಿಯರನ್ನು ಕೇಳಬೇಕಾಯಿತು.

ಆ ಹುಡುಗ ಒಪ್ಪಾರಿಯ ಮುಂದೆ ತನ್ನ ಅಜ್ಜಿಯ ಹೆಸರು ಬರೆದು ತಂದಿದ್ದ. ಆ್ಯಪ್ ಎರಡನೇ ಕಾಲಂ ಅನ್ನು ತಾನೇ ತುಂಬಿಕೊಳ್ಳುತ್ತದೆ. ಮೊದಲನೆಯದನ್ನು ತುಂಬಿಸುವ ಕೆಲಸ ತರಗತಿಯದು.