ಮೇಘ ಗಣನೆಯ ಉನ್ನತ ಪರೀಕ್ಷೆ ಮತ್ತು ಅದರ ಸಿದ್ಧತೆ

ತನ್ನ ಮನೆಗೆ ಬೇಕಾದ ವಿದ್ಯುತ್ತನ್ನು ಪ್ರತಿಯೊಬ್ಬ ಗೃಹಸ್ಥನೂ ತಾನೇ ಉತ್ಪಾದಿಸಿಕೊಳ್ಳುವುದಿಲ್ಲ. ಎಲ್ಲಿಯೋ ಇರುವ ವಿದ್ಯುದಾಗಾರದಿಂದ ತಂತಿಯ ಮೂಲಕ ಹರಿದುಬರುವ ಶಕ್ತಿಯನ್ನು ಬಳಸಿ, ಮೀಟರು ತೋರಿಸಿದಷ್ಟಕ್ಕೆ ಹಣ ತೆರುತ್ತಾನೆ. ಗಣಕಯಂತ್ರದ ಶಕ್ತಿಯೂ ಮುಂದೊಂದು ದಿನ ಇದೇ ಬಗೆಯ ಸಾರ್ವಜನಿಕ ಸೌಲಭ್ಯವಾಗಬಹುದೆಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ ಅವರು 1961ರಲ್ಲಿಯೇ ಸೂಚಿಸಿದ್ದರು. ಆ ಕಲ್ಪನೆ ವ್ಯಾಪಾರರೂಪದಲ್ಲಿ ವ್ಯಾಪಕವಾಗಿ ಸಾಕಾರಗೊಳ್ಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. 2006ರ ಮಾರ್ಚ್ ತಿಂಗಳಿನಲ್ಲಿ ಅಮೆಜಾನ್ ಸಂಸ್ಥೆಯು ಎಸ್-3 ಎಂಬ ದತ್ತಾಂಶ ಸಂಗ್ರಹ ಸೇವೆಯನ್ನೂ, ಅದೇ ವರ್ಷದ ಆಗಸ್ಟ್‌ನಲ್ಲಿ ಇಸಿ-2 ಎಂಬ, ಗಣಕಶಕ್ತಿಯನ್ನು ಬಾಡಿಗೆಗೆ ಒದಗಿಸುವ ಸೇವೆಯನ್ನೂ ಆರಂಭಿಸಿತು. ಇದನ್ನೇ ಇಂದು ಕ್ಲೌಡ್ ಕಂಪ್ಯೂಟಿಂಗ್, ಅಂದರೆ ಮೇಘ ಗಣನೆ ಎಂದು ಕರೆಯಲಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2011ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ಹೇಳಿತು. ಬೇಕೆಂದಾಗ ಬಳಕೆದಾರನೇ ಸೇವೆಯನ್ನು ಪಡೆದುಕೊಳ್ಳುವುದು, ಜಾಲದ ಮೂಲಕ ಎಲ್ಲೆಡೆ ಲಭ್ಯವಾಗುವುದು, ಸಂಪನ್ಮೂಲಗಳನ್ನು ಅನೇಕರು ಹಂಚಿಕೊಳ್ಳುವುದು, ಅಗತ್ಯಕ್ಕೆ ತಕ್ಕಂತೆ ಬೇಗನೆ ಹಿಗ್ಗಿ ಕುಗ್ಗುವುದು, ಬಳಕೆಯನ್ನು ಅಳೆಯುವುದು ಇವೇ ಆ ಐದು ಲಕ್ಷಣಗಳು. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಪರೀಕ್ಷೆಯ ಫಲಿತಾಂಶ ಮುಂತಾದ ನಿತ್ಯದ ವ್ಯವಹಾರಗಳು ಇಂತಹ ವ್ಯವಸ್ಥೆಗಳನ್ನು ಅವಲಂಬಿಸತೊಡಗಿರುವುದರಿಂದ, ಅವುಗಳನ್ನು ರಚಿಸುವವರ ಯೋಗ್ಯತೆಯನ್ನು ಅಳೆಯುವ ಪರೀಕ್ಷೆಗಳೂ ಹುಟ್ಟಿಕೊಂಡಿವೆ. ಬೆಂಗಳೂರಿನ ತಂತ್ರಾಂಶ ಉದ್ಯಮದಲ್ಲಿ ದುಡಿಯುವ ಅನೇಕ ಕನ್ನಡಿಗ ತರುಣ ತರುಣಿಯರು ಈ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದಾರೆ. ಅವುಗಳಲ್ಲಿ ಕಠಿಣವೆಂದು ಹೆಸರಾದ ಒಂದನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದರ ಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪರೀಕ್ಷೆಯ ಸ್ವರೂಪ

ಅಮೆಜಾನ್ ವೆಬ್ ಸರ್ವಿಸಸ್ ನಡೆಸುವ ಈ ಪರೀಕ್ಷೆಯ ಹೆಸರು ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪ್ರೊಫೆಷನಲ್. ಕಟ್ಟಡಕ್ಕೆ ವಾಸ್ತುಶಿಲ್ಪಿಯು ಹೇಗೋ, ಗಣಕ ವ್ಯವಸ್ಥೆಗೆ ಈ ಆರ್ಕಿಟೆಕ್ಟ್ ಹಾಗೆ. ಮೊದಲು ಕೆಳಹಂತದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮವಿದ್ದಿತು. 2018ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆದರೂ ಎರಡು ವರ್ಷಗಳಷ್ಟಾದರೂ ಕಾರ್ಯಾನುಭವವಿರುವುದು ಒಳ್ಳೆಯದೆಂದು ಸಂಸ್ಥೆಯೇ ಸಲಹೆ ಮಾಡುತ್ತದೆ.

2022ರ ನವೆಂಬರ್‌ನಲ್ಲಿ ಜಾರಿಗೆ ಬಂದ ಆವೃತ್ತಿಯಂತೆ, ಪರೀಕ್ಷೆಯಲ್ಲಿ 75 ಪ್ರಶ್ನೆಗಳೂ 180 ನಿಮಿಷಗಳ ಕಾಲಾವಕಾಶವೂ ಇವೆ. 75ರಲ್ಲಿ 65ಕ್ಕೆ ಮಾತ್ರ ಅಂಕಗಳುಂಟು. ಉಳಿದ 10 ಪ್ರಶ್ನೆಗಳನ್ನು ಮುಂದಿನ ಬಳಕೆಗಾಗಿ ಪರಿಶೀಲಿಸಲು ಸೇರಿಸಿರುತ್ತಾರೆ. ಅವು ಯಾವುವೆಂದು ಪರೀಕ್ಷಾರ್ಥಿಗೆ ತಿಳಿಯುವುದಿಲ್ಲ. 100ರಿಂದ 1000ದವರೆಗಿನ ಮಾಪನದಲ್ಲಿ 750 ಅಂಕ ಪಡೆದವರು ಉತ್ತೀರ್ಣರು. ಪ್ರತಿ ವಿಭಾಗದಲ್ಲೂ ಬೇರೆ ಬೇರೆಯಾಗಿ ತೇರ್ಗಡೆಯಾಗಬೇಕಾಗಿಲ್ಲ. ಶುಲ್ಕವು ತೆರಿಗೆ ಬಿಟ್ಟು 300 ಡಾಲರ್. ಅನುತ್ತೀರ್ಣರಾದವರು 14 ದಿನ ಕಾದು, ಪೂರ್ಣ ಶುಲ್ಕವನ್ನು ಮತ್ತೆ ಕಟ್ಟಬೇಕು. ಪ್ರಮಾಣಪತ್ರದ ಅವಧಿ 3 ವರ್ಷ. ಮಧ್ಯಮ ವರ್ಗದ ತರುಣನೊಬ್ಬನಿಗೆ ಇದು ಸಣ್ಣ ಮೊತ್ತವಲ್ಲವಾದ್ದರಿಂದ, ಸಿದ್ಧತೆಯಿಲ್ಲದೆ ಅದೃಷ್ಟವನ್ನು ನಂಬಿ ಹೋಗುವುದು ವಿವೇಕವಲ್ಲ.

ಪಠ್ಯವು ನಾಲ್ಕು ವಿಭಾಗಗಳಲ್ಲಿದೆ. ದೊಡ್ಡ ಸಂಸ್ಥೆಗಳ ಸಂಕೀರ್ಣ ವ್ಯವಸ್ಥೆಗೆ ಶೇಕಡಾ 26, ಹೊಸ ವ್ಯವಸ್ಥೆಗಳ ರಚನೆಗೆ ಶೇಕಡಾ 29, ಇರುವ ವ್ಯವಸ್ಥೆಗಳ ಸುಧಾರಣೆಗೆ ಶೇಕಡಾ 25, ಹಳೆಯ ವ್ಯವಸ್ಥೆಗಳನ್ನು ಕ್ಲೌಡಿಗೆ ಸ್ಥಳಾಂತರಿಸಿ ನವೀಕರಿಸುವುದಕ್ಕೆ ಶೇಕಡಾ 20ರಷ್ಟು ಪ್ರಾಧಾನ್ಯವಿದೆ.

ಕಂಠಪಾಠ ಸಾಲದು

ಈ ಪರೀಕ್ಷೆಯು ಕಠಿಣವೆನಿಸುವುದು ಸೇವೆಗಳ ಹೆಸರುಗಳು ಹೆಚ್ಚಾಗಿವೆ ಎಂಬ ಕಾರಣದಿಂದಲ್ಲ. ಕೊಟ್ಟ ಉತ್ತರಗಳಲ್ಲಿ ಎರಡು ಮೂರು ಕಾರ್ಯಸಾಧ್ಯವೇ ಆಗಿರುತ್ತವೆ. ಪ್ರಶ್ನೆಯಲ್ಲಿ ಹೇಳಿರುವ ನಿರ್ಬಂಧಕ್ಕೆ ಹೊಂದುವುದು ಯಾವುದೆಂಬುದೇ ವಿಚಾರ. 'ಅತ್ಯಲ್ಪ ವೆಚ್ಚದಲ್ಲಿ', 'ಅತ್ಯಲ್ಪ ನಿರ್ವಹಣಾ ಶ್ರಮದಿಂದ', 'ಅತ್ಯಲ್ಪ ಕಾಲದಲ್ಲಿ' ಎಂಬ ಒಂದು ಮಾತು ಬದಲಾದರೆ ಸರಿಯುತ್ತರವೂ ಬದಲಾಗುತ್ತದೆ. ಕೆಲವು ನಿದರ್ಶನಗಳಿಂದ ಇದು ಸ್ಪಷ್ಟವಾದೀತು.

ಒಂದು ಸಂಸ್ಥೆಯು 100 ಟೆರಾಬೈಟ್ ದತ್ತಾಂಶವನ್ನು ಕ್ಲೌಡಿಗೆ ಸಾಗಿಸಬೇಕಾಗಿದೆ ಎಂದುಕೊಳ್ಳೋಣ. ಅದರ ಜಾಲಸಂಪರ್ಕದ ವೇಗ ಸೆಕೆಂಡಿಗೆ 100 ಮೆಗಾಬಿಟ್. ಒಂದು ಬೈಟಿಗೆ ಎಂಟು ಬಿಟ್‌ಗಳಂತೆ ಲೆಕ್ಕ ಹಾಕಿದರೆ 80 ಲಕ್ಷ ಸೆಕೆಂಡುಗಳು, ಅಂದರೆ ಸುಮಾರು 93 ದಿನಗಳು ಬೇಕಾಗುತ್ತವೆ. ಕೆಲಸವು ಒಂದು ತಿಂಗಳಲ್ಲಿ ಮುಗಿಯಬೇಕೆಂದಿದ್ದರೆ, ಇರುವ ಸಂಪರ್ಕವನ್ನೇ ಬಳಸುವ ಉತ್ತರಗಳೆಲ್ಲವೂ ಒಮ್ಮೆಗೇ ಬಿದ್ದುಹೋಗುತ್ತವೆ. ಹೊಸದಾಗಿ ಮೀಸಲು ಸಂಪರ್ಕವನ್ನು ಹಾಕಿಸೋಣವೆಂದರೆ, ಅದರ ಸ್ಥಾಪನೆಗೇ ಹಲವು ವಾರಗಳು ಹಿಡಿಯಬಹುದೆಂಬುದನ್ನು ಗಮನಿಸಬೇಕು. ಇಲ್ಲಿ ನೆರವಿಗೆ ಬರುವುದು ನೆನಪಿಗಿಂತ ಹೆಚ್ಚಾಗಿ ಪ್ರೌಢಶಾಲೆಯ ಗಣಿತ.

ಎರಡನೆಯದು ಖಾಸಗಿ ಜಾಲಗಳ ಜೋಡಣೆ. ಪಿಯರಿಂಗ್ ಎಂಬ ವಿಧಾನದಲ್ಲಿ ಎರಡು ಜಾಲಗಳನ್ನು ನೇರವಾಗಿ ಜೋಡಿಸಬಹುದು. ಆದರೆ ಮೊದಲನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ ಜೋಡಣೆಯಾಗಿದ್ದ ಮಾತ್ರಕ್ಕೆ ಮೊದಲನೆಯದರಿಂದ ಮೂರನೆಯದಕ್ಕೆ ಹಾದಿ ದೊರೆಯುವುದಿಲ್ಲ. ಹೀಗಾಗಿ 10 ಜಾಲಗಳು ಪರಸ್ಪರ ಮಾತನಾಡಬೇಕಾದರೆ 45 ಜೋಡಣೆಗಳೂ, 20 ಜಾಲಗಳಾದರೆ 190 ಜೋಡಣೆಗಳೂ ಬೇಕು. ಸಂಖ್ಯೆ ಬೆಳೆದಂತೆ ಟ್ರಾನ್ಸಿಟ್ ಗೇಟ್‌ವೇ ಎಂಬ ನಡುಗೂಟವು ಏಕೆ ಅಗತ್ಯವಾಗುತ್ತದೆಂಬುದು ಇದರಿಂದ ತಾನಾಗಿಯೇ ತಿಳಿಯುತ್ತದೆ.

ಮೂರನೆಯದು ಅಧಿಕಾರದ ವಿಷಯ. ದೊಡ್ಡ ಸಂಸ್ಥೆಗಳು ಅನೇಕ ಖಾತೆಗಳನ್ನು ಇಟ್ಟುಕೊಂಡು, ಅವುಗಳ ಮೇಲೆ ಸೇವಾ ನಿಯಂತ್ರಣ ನೀತಿಗಳನ್ನು ವಿಧಿಸುತ್ತವೆ. ಈ ನೀತಿಯು ಹೊಲದ ಬೇಲಿಯಿದ್ದಂತೆ. ಬೇಲಿಯು ದಾಟುವವರನ್ನು ತಡೆಯುತ್ತದೆ, ಬೆಳೆಯನ್ನು ಕೊಡುವುದಿಲ್ಲ. ಅಂತೆಯೇ ನೀತಿಯು ಅಧಿಕಾರಕ್ಕೆ ಎಲ್ಲೆಯನ್ನು ಹಾಕುತ್ತದೆಯೇ ಹೊರತು ಯಾರಿಗೂ ಅಧಿಕಾರವನ್ನು ಕೊಡುವುದಿಲ್ಲ. ಕೊಡುವ ಅನುಮತಿ ಬೇರೆಯಾಗಿಯೇ ಇರಬೇಕು. ಸದಸ್ಯ ಖಾತೆಯ ಮುಖ್ಯಾಧಿಕಾರಿಯೂ ಈ ಬೇಲಿಗೆ ಒಳಪಟ್ಟವನು. ಆದರೆ ಎಲ್ಲಕ್ಕೂ ಮೇಲಿರುವ ನಿರ್ವಹಣಾ ಖಾತೆಗೆ ಇದು ಅನ್ವಯಿಸುವುದಿಲ್ಲ.

ನಾಲ್ಕನೆಯದು ವಿಪತ್ತಿನ ಸಿದ್ಧತೆ. ಅವಘಡದಲ್ಲಿ ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ಸಹಿಸಬಹುದು, ಎಷ್ಟು ಹೊತ್ತಿನೊಳಗೆ ಸೇವೆ ಮತ್ತೆ ಆರಂಭವಾಗಬೇಕು ಎಂಬ ಎರಡು ಪ್ರಶ್ನೆಗಳು ಇಲ್ಲಿ ಮೂಲಭೂತವಾದವು. ದಿನಕ್ಕೊಮ್ಮೆ ರಾತ್ರಿ ಮಾತ್ರ ಪ್ರತಿ ತೆಗೆದಿಡುವ ಸಂಸ್ಥೆಯು 24 ಗಂಟೆಗಳ ದಾಖಲೆಯನ್ನೇ ಕಳೆದುಕೊಳ್ಳಬಹುದು. ಒಂದು ಗಂಟೆಗಿಂತ ಹೆಚ್ಚು ನಷ್ಟವಾಗಬಾರದೆಂಬ ಆಸ್ಪತ್ರೆಗೆ ಅದು ಒಪ್ಪದು. ಪ್ರತಿಯಿಂದ ಪುನಃಸ್ಥಾಪಿಸುವುದು, ತಿರುಳನ್ನು ಮಾತ್ರ ಸಿದ್ಧವಾಗಿಟ್ಟಿರುವುದು, ಚಿಕ್ಕ ಪ್ರಮಾಣದಲ್ಲಿ ಸದಾ ಓಡಿಸುತ್ತಿರುವುದು, ಎರಡು ಸ್ಥಳಗಳಲ್ಲೂ ಪೂರ್ಣವಾಗಿ ನಡೆಸುವುದು ಎಂಬ ನಾಲ್ಕು ಮಾರ್ಗಗಳಿವೆ. ಒಂದರಿಂದ ಒಂದಕ್ಕೆ ಹೋದಂತೆ ನಷ್ಟದ ಭಯ ಕಡಿಮೆಯಾಗುತ್ತದೆ, ವೆಚ್ಚ ಏರುತ್ತದೆ. ಅಗತ್ಯಕ್ಕೆ ಸಾಕಾಗುವ ಅಗ್ಗದ ಮಾರ್ಗವೇ ಉಚಿತವಾದುದು.

ಅಭ್ಯಾಸದ ಕ್ರಮ

ಪರೀಕ್ಷಾರ್ಥಿಯು ಮೊದಲು ಸಂಸ್ಥೆಯು ಪ್ರಕಟಿಸಿರುವ ಪರೀಕ್ಷಾ ಮಾರ್ಗದರ್ಶಿಯನ್ನು ಓದಿ, ತನಗೆ ತಿಳಿದಿರುವುದನ್ನೂ ತಿಳಿಯದಿರುವುದನ್ನೂ ಗುರುತು ಮಾಡಿಕೊಳ್ಳಬೇಕು. ಅನಂತರ ಸುವ್ಯವಸ್ಥಿತ ರಚನೆಯ ಆರು ಸ್ತಂಭಗಳನ್ನು ಮನನ ಮಾಡಬೇಕು. ಅವು ನಿರ್ವಹಣೆ, ಭದ್ರತೆ, ವಿಶ್ವಾಸಾರ್ಹತೆ, ಕಾರ್ಯದಕ್ಷತೆ, ಮಿತವ್ಯಯ ಮತ್ತು ಸುಸ್ಥಿರತೆ; ಕೊನೆಯದು ಸೇರಿದ್ದು 2021ರಲ್ಲಿ. ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಇವುಗಳಲ್ಲಿ ಒಂದೆರಡರ ನಡುವಣ ಹಗ್ಗಜಗ್ಗಾಟವಿರುತ್ತದೆ.

ಓದಿನೊಡನೆ ಕೈಕೆಲಸವೂ ಸಾಗಬೇಕು. ಈಜುವುದನ್ನು ದಡದಲ್ಲಿ ಕುಳಿತು ಕಲಿಯಲಾಗದು. ಜಾಲವೊಂದನ್ನು ತಾನೇ ಕಟ್ಟಿ, ಬೇಕೆಂದೇ ಕೆಡಿಸಿ, ದೋಷವನ್ನು ಹುಡುಕಿ ಸರಿಪಡಿಸಿದವನಿಗೆ ಆ ಪಾಠ ಮರೆಯುವುದಿಲ್ಲ. ಆದರೆ ಇಲ್ಲಿ ಎಚ್ಚರಿಕೆ ಅವಶ್ಯಕ. ಕೆಲವು ಸೇವೆಗಳು ಬಳಸದೆ ಬಿಟ್ಟಿದ್ದರೂ ಗಂಟೆಯ ಲೆಕ್ಕದಲ್ಲಿ ಹಣ ಕೇಳುತ್ತವೆ. ವೆಚ್ಚದ ಮಿತಿಯನ್ನು ನಮೂದಿಸಿ ಎಚ್ಚರಿಕೆಯ ಪತ್ರ ಬರುವಂತೆ ಮಾಡಬಹುದಾದರೂ, ಆ ಪತ್ರವು ತಾನಾಗಿ ಖರ್ಚನ್ನು ನಿಲ್ಲಿಸುವುದಿಲ್ಲ. ದಿನದ ಅಭ್ಯಾಸ ಮುಗಿದೊಡನೆ ಕಟ್ಟಿದ್ದನ್ನು ಅಳಿಸಿಬಿಡುವುದು, ಖಾತೆಯ ಮೂಲ ಬಳಕೆದಾರನಿಗೆ ಎರಡನೆಯ ಬೀಗವನ್ನು ಹಾಕಿಡುವುದು, ಗುಪ್ತ ಕೀಲಿಗಳನ್ನು ಯಾವ ಕಡತದಲ್ಲಿಯೂ ಬರೆದಿಡದಿರುವುದು ಇವು ವಿದ್ಯಾರ್ಥಿದೆಸೆಯಿಂದಲೇ ರೂಢಿಯಾಗಬೇಕಾದ ಶಿಸ್ತುಗಳು.

ಪರೀಕ್ಷೆಗೆ ಮೊದಲು ಮಾದರಿ ಪ್ರಶ್ನೆಪತ್ರಿಕೆಗಳನ್ನು ಪೂರ್ಣ ಕಾಲಾವಧಿಯಲ್ಲಿ ಬಿಡಿಸಿ ನೋಡಬೇಕು. ಸರಿಯುತ್ತರ ಏಕೆ ಸರಿ ಎಂಬುದರ ಜೊತೆಗೆ, ಉಳಿದವು ಏಕೆ ತಪ್ಪು ಎಂಬುದನ್ನೂ ಒಂದೊಂದು ವಾಕ್ಯದಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ.

ಸೋರಿಹೋದ ಪ್ರಶ್ನೆಗಳೆಂದು ಹಣಕ್ಕೆ ಮಾರುವವರೂ ಇದ್ದಾರೆ. ಅವುಗಳ ಬಳಕೆ ಸಂಸ್ಥೆಯ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪಡೆದ ಪ್ರಮಾಣಪತ್ರವೂ ರದ್ದಾಗಬಹುದು. ಅದಕ್ಕಿಂತಲೂ ದೊಡ್ಡ ಹಾನಿ ಬೇರೆಯಿದೆ. ಪ್ರಮಾಣಪತ್ರವನ್ನು ನಂಬಿ ಒಂದು ಬ್ಯಾಂಕು ಅಥವಾ ಆಸ್ಪತ್ರೆಯು ತನ್ನ ವ್ಯವಸ್ಥೆಯನ್ನು ಆತನ ಕೈಗೊಪ್ಪಿಸುತ್ತದೆ. ವಿಪತ್ತಿನ ರಾತ್ರಿ ದಾಖಲೆಗಳು ಮರಳಿ ದೊರೆಯದಿದ್ದರೆ, ನೋವುಣ್ಣುವವರು ಆ ಪರೀಕ್ಷೆಯ ಹೆಸರನ್ನೇ ಕೇಳದ ರೋಗಿಗಳು ಮತ್ತು ಠೇವಣಿದಾರರು.

ಭಾಷೆ ಮತ್ತು ಸಮಯ

ಈ ಪರೀಕ್ಷೆ ಕನ್ನಡದಲ್ಲಿ ನಡೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ದೀರ್ಘ ಪ್ರಶ್ನೆಗಳನ್ನು ಓದುವುದೇ ಮೊದಲ ತೊಡಕು. ಇಂಗ್ಲಿಷ್ ಮಾತೃಭಾಷೆಯಲ್ಲದವರು, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವುದಾದರೆ, ದಿನಾಂಕವನ್ನು ಕಾದಿರಿಸುವ ಮೊದಲೇ ಕೋರಿಕೊಂಡು 30 ನಿಮಿಷಗಳ ಹೆಚ್ಚುವರಿ ಕಾಲವನ್ನು ಪಡೆಯಬಹುದು. ಆಗ ಪ್ರಶ್ನೆಯೊಂದಕ್ಕೆ 2 ನಿಮಿಷ 24 ಸೆಕೆಂಡಿಗೆ ಬದಲಾಗಿ 2 ನಿಮಿಷ 48 ಸೆಕೆಂಡ್ ದೊರೆಯುತ್ತದೆ. ಅರಿಯದೆ ಇದನ್ನು ಬಿಟ್ಟುಕೊಡುವುದು ಅನ್ಯಾಯವಾಗಿ ಕೈಚೆಲ್ಲಿದಂತೆ.

ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದಿ, ಕೇಳಿರುವುದೇನೆಂದು ತಿಳಿದು, ಆಮೇಲೆ ಮೇಲಿನ ವಿವರಗಳನ್ನು ಓದಿದರೆ ಕಾಲ ಉಳಿಯುತ್ತದೆ. ಬಗೆಹರಿಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಸಾಗಬೇಕು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಯಂತ್ರಗಳು ಬದಲಾಗುತ್ತವೆ, ಸೇವೆಗಳ ಹೆಸರುಗಳೂ ಬದಲಾಗುತ್ತವೆ. ಮೂರು ವರ್ಷಗಳಿಗೆ ಪ್ರಮಾಣಪತ್ರದ ಅವಧಿಯೇ ಮುಗಿಯುತ್ತದೆ. ಆದರೆ ಅಗತ್ಯವನ್ನು ಅರಿತು, ಲೆಕ್ಕ ಹಾಕಿ, ಕೆಡುಕನ್ನು ಮುಂಗಂಡು, ಮಿತವ್ಯಯದಿಂದ ಕಟ್ಟುವ ಬುದ್ಧಿಯು ಒಮ್ಮೆ ಬೆಳೆಯಿತೆಂದರೆ ಅದು ಅವಧಿ ತೀರುವ ಆಸ್ತಿಯಲ್ಲ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತು ಕಾಲ ಮತ್ತು ವೇಗದ ಲೆಕ್ಕವನ್ನು ಶ್ರದ್ಧೆಯಿಂದ ಬಿಡಿಸುವ ಬಾಲಕ ಬಾಲಕಿಯರು ಅದರ ಮೊದಲ ಪಾಠವನ್ನು ಈಗಾಗಲೇ ಆರಂಭಿಸಿದ್ದಾರೆ.